ಹಾಲುಕ್ಕಿದ ಬಂಗಲೆ

ಬಕಿಂಗ್‌ಹ್ಯಾಮ್ ಬ್ಲಾಸಮ್ಸ್‌ನ ಕೆಲಸ ನಿಂತ ದಿನ ಹನುಮವ್ವ ತಲೆಯ ಮೇಲೆ ಜಲ್ಲಿಯ ಬಾಣಲೆ ಹೊತ್ತು ಏಳನೇ ಮಹಡಿಯಲ್ಲಿದ್ದಳು. ಕ್ರೇನಿನವನು ತನ್ನ ಗೂಡಿನಿಂದ ಇಳಿದು ಬಂದು, ಡೀಸೆಲ್ ಮುಗಿದಿದೆ, ತರಿಸುವವರು ಯಾರೂ ಫೋನು ಎತ್ತುತ್ತಿಲ್ಲ ಎಂದು ಹೇಳಿ ಬೀಡಿ ಹಚ್ಚಿದ. ಬಾಣಲೆ ಎಲ್ಲಿ ಸುರಿಯಬೇಕೆಂದು ಮೇಸ್ತ್ರಿಯನ್ನು ಕೇಳೋಣವೆಂದರೆ ಮೇಸ್ತ್ರಿಯೂ ನಾಪತ್ತೆ. ಹನುಮವ್ವ ಹೊತ್ತದ್ದನ್ನು ಹೊತ್ತುಕೊಂಡೇ ಏಳು ಮಹಡಿ ಇಳಿದು, ತುಂಬಿಕೊಂಡ ರಾಶಿಗೇ ವಾಪಸ್ ಸುರಿದಳು. "ನನ್ನ ಜಲಮದಾಗ ಜಲ್ಲಿ ಮ್ಯಾಲಿಂದ ತೆಳಗ ಹೊತ್ತದ್ದು ಅದ ಮೊದಲು" ಎಂದು ಆಮೇಲೆ ಸಿಕ್ಕಸಿಕ್ಕವರಿಗೆಲ್ಲ ಹೇಳಿ ನಗುತ್ತಿದ್ದಳು.

ಅವಳದು ಕುಷ್ಟಗಿ ಕಡೆಯ ಊರು. ಗಂಡ ಯಮನೂರ ಕಬ್ಬಿಣ ಬಾಗಿಸುವವನು. ಕಬ್ಬಿಣವೊಂದನ್ನು ಬಿಟ್ಟು ಜಗತ್ತಿನಲ್ಲಿ ಇನ್ಯಾವುದೂ ತನ್ನ ಮಾತಿಗೆ ಬಾಗುವುದಿಲ್ಲವೆಂದು ಅವನಿಗೆ ಮದುವೆಯಾದ ಹೊಸತರಲ್ಲೇ ಗೊತ್ತಾಗಿತ್ತು. ಇಬ್ಬರೂ ಬೆಂಗಳೂರಿಗೆ ಬಂದು ಎಷ್ಟೋ ವರ್ಷವಾಗಿತ್ತು. ಪೀಣ್ಯದಲ್ಲಿ ಶೆಡ್ಡು, ಹೆಬ್ಬಗೋಡಿಯಲ್ಲಿ ಬಾಡಿಗೆ ಮನೆಗಳ ಸಾಲು, ಈಗ ವೈಟ್‌ಫೀಲ್ಡಿನಲ್ಲಿ ಈ ಟವರು. ಊರಿಗೆ ಫೋನು ಮಾಡಿದಾಗ ಹನುಮವ್ವ "ಬಕ್ಕಿಂಗಮ್ಮನಾಗ ಕೆಲಸ ಐತಿ" ಎನ್ನುತ್ತಿದ್ದಳು. ಅವಳ ಅಣ್ಣ ಅದು ಯಾವುದೋ ದೊಡ್ಡ ದೇವಿಯ ಗುಡಿಯ ಕೆಲಸವಿರಬೇಕೆಂದು ತಿಳಿದು, ಮುಂದಿನ ಸಲ ಬರುವಾಗ ಭಂಡಾರ ತಾ ಎಂದಿದ್ದ.

ಆ ಸೈಟಿನ ಮುಂಭಾಗದಲ್ಲಿ, ಎರಡು ಬೋಳು ಟವರುಗಳ ಬುಡದಲ್ಲಿ, ಹಳೆಯದೊಂದು ಬಂಗಲೆಯಿತ್ತು. ಆಂಗ್ಲೋ ಇಂಡಿಯನ್ನರು ಆ ಕಡೆ ಬಂದು ನೆಲೆಸಿದ ಕಾಲದಲ್ಲಿ ಯಾರೋ ರೈಲ್ವೆ ಗಾರ್ಡು ಕಟ್ಟಿಸಿಕೊಂಡದ್ದಂತೆ. ಇಳಿಜಾರು ಹೆಂಚಿನ ಮಾಡು, ಕಿಟಕಿಗಳಿಗೆ ಟೋಪಿ ಹಾಕಿದಂತೆ ಮರದ ಚೂಪು ಚಾವಣಿ, ಜಾಲರಿ ಹೊಡೆದ ವರಾಂಡ, ಗೋಡೆಯೊಳಗೊಂದು ಬೆಂಕಿಗೂಡು, ಅದರ ಮೇಲೆ ಚಿಮಣಿ. ಬಿಲ್ಡರು ಅದನ್ನು ಉಳಿಸಿಕೊಂಡದ್ದು ಪ್ರೀತಿಯಿಂದಲ್ಲ. ಫ್ಲಾಟು ನೋಡಲು ಬಂದವರನ್ನು ಕೂರಿಸಲು ತಂಪಾದ ಜಾಗವೊಂದು ಬೇಕಿತ್ತು. ಎಲ್ಲ ಮಾರಿಯಾದ ಮೇಲೆ ಅದನ್ನು ಕೆಡವಿ, ಅಲ್ಲಿ ಈಜುಕೊಳ ತೋಡುವುದೆಂದು ನಕ್ಷೆಯಲ್ಲಿತ್ತು. ಅಲ್ಲಿಯವರೆಗಿನ ಚೆಂದಕ್ಕೆಂದು ಒಳಗೆ ಬಿಳಿಯ ಫಾಲ್ಸ್ ಸೀಲಿಂಗ್ ಹೊಡೆದು, ಬೆಂಕಿಗೂಡಿಗೆ ಪ್ಲೈವುಡ್ ಮುಚ್ಚಿ, ನಡುಮನೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಟವರುಗಳ ಪುಟ್ಟ ಮಾದರಿಯೊಂದನ್ನು ಇಟ್ಟಿದ್ದರು. ಅದರಲ್ಲಿ ಬೆರಳುದ್ದದ ಕಾರುಗಳಿದ್ದವು, ಅಕ್ಕಿಕಾಳಿನಷ್ಟು ಮನುಷ್ಯರಿದ್ದರು, ನೀಲಿ ಬಣ್ಣದ ಕೊಳವೂ ಇತ್ತು. ಬಂಗಲೆ ಮಾತ್ರ ಇರಲಿಲ್ಲ.

ಕೆಲಸ ಯಾಕೆ ನಿಂತಿತೆಂಬುದಕ್ಕೆ ನಾನಾ ಕಥೆಗಳಿದ್ದವು. ಕಂಪನಿಯ ಒಡೆಯರಾದ ಅಣ್ಣತಮ್ಮಂದಿರು ಜಗಳವಾಡಿ, ಒಬ್ಬ ಟವರು ನನ್ನದೆಂದೂ ಇನ್ನೊಬ್ಬ ಟವರು ನಿಂತ ನೆಲ ನನ್ನದೆಂದೂ ಕೋರ್ಟಿಗೆ ಹೋಗಿದ್ದಾರೆ ಎಂಬುದು ಎಲ್ಲರೂ ಒಪ್ಪಿದ ಕಥೆ. ಸೇಲ್ಸ್ ಆಫೀಸಿನಲ್ಲಿ ಕೊನೆಗೆ ಉಳಿದಿದ್ದ ದಿವ್ಯಾ ಎಂಬ ಹುಡುಗಿ ಒಂದು ಮಧ್ಯಾಹ್ನ ಬಂಗಲೆಯ ಬೀಗದ ಕೈಯನ್ನು ಹನುಮವ್ವನ ಕೈಗಿತ್ತು, "ಅಕ್ಕಾ, ಸ್ವಲ್ಪ ಇಟ್ಕೊಂಡಿರಿ, ಟೀ ಕುಡ್ಕೊಂಡ್ ಬಂದ್ಬಿಡ್ತೀನಿ" ಎಂದು ಹೋದಳು. ಎಲ್ಲಿಯ ಟೀಯೋ, ಮರಳಿ ಬರಲೇ ಇಲ್ಲ.

ಗುಂಪಿನವರೆಲ್ಲ ಬೇರೆ ಬೇರೆ ಸೈಟುಗಳಿಗೆ ಚದುರಿದರು. ಯಮನೂರನಿಗೂ ವರ್ತೂರಿನ ಕಡೆ ಕೆಲಸ ಸಿಕ್ಕಿತು. ಹನುಮವ್ವ ಮಾತ್ರ ಕದಲಲಿಲ್ಲ.

"ಕೀಲಿಕೈ ನನ್ನ ಕೈಯಾಗ ಐತಿ. ಆ ಹುಡುಗಿ ಚಾ ಕುಡುದು ಬಂದರ?" ಎಂದಳು.

"ಅಕಿ ಚಾ ಕುಡ್ಯಾಕ ಹೋಗಿ ಎರಡ ತಿಂಗಳಾತು" ಎಂದ ಯಮನೂರ.

"ಬಿಸಿ ಇದ್ದೀತು."

ನಿಜವಾದ ಕಾರಣ ಬೇರೆಯಿತ್ತು. ಹನುಮವ್ವನ ಕೈಯಿಂದ ಎಷ್ಟೋ ಮನೆಗಳು ಎದ್ದಿದ್ದವು. ಆದರೆ ಮನೆ ಮುಗಿಯುವ ಹೊತ್ತಿಗೆ ಅವಳ ಗುಂಪನ್ನು ಇನ್ನೊಂದು ಕಡೆಗೆ ಸಾಗಿಸಿರುತ್ತಿದ್ದರು. ಕಿಟಕಿಗೆ ಗಾಜು ಬಂದಮೇಲೆ, ಬಾಗಿಲಿಗೆ ಬಣ್ಣ ಬಂದಮೇಲೆ ಒಂದು ಮನೆಯೊಳಗೆ ಅವಳು ಕಾಲಿಟ್ಟದ್ದು ಇದೇ ಮೊದಲು. ಮಧ್ಯಾಹ್ನ ನೆಲ ಒರೆಸಿ ಆ ತಣ್ಣನೆಯ ಕೆಂಪು ನೆಲದ ಮೇಲೆ ಬೆನ್ನು ಚಾಚಿದರೆ, ಹೊತ್ತ ಜಲ್ಲಿಯೆಲ್ಲ ಬೆನ್ನಿನಿಂದ ಇಳಿದುಹೋದ ಹಾಗಾಗುತ್ತಿತ್ತು. ಯಮನೂರ ಮಾತ್ರ ಒಳಗೆ ಮಲಗಲು ಒಪ್ಪಲಿಲ್ಲ. ಬಿಳಿ ಗೌನಿನ ದೊರೆಸಾನಿಯೊಬ್ಬಳು ಚಿಮಣಿಯಲ್ಲಿದ್ದಾಳೆ ಎಂದು ಯಾರೋ ಅವನಿಗೆ ಹೇಳಿದ್ದರು. ಅವನು ಕೊನೆಯವರೆಗೂ ತಗಡಿನ ಶೆಡ್ಡಿನಲ್ಲೇ ಮಲಗಿದ.

ಭಾನುವಾರಗಳಲ್ಲಿ ಫ್ಲಾಟು ಕೊಂಡವರು ಜಗಳವಾಡಲು ಬರುತ್ತಿದ್ದರು. ಕೈಯಲ್ಲಿ ಬ್ಯಾನರು, ಬಾಯಲ್ಲಿ ಘೋಷಣೆ. ಆದರೆ ಜಗಳಕ್ಕೆ ಎದುರಾಳಿಯೇ ಇಲ್ಲ. ಯಾರಾದರೂ ಒಬ್ಬರ ಮೇಲೆ ಕೂಗಲೇಬೇಕಲ್ಲ, ಹನುಮವ್ವನ ಮೇಲೆ ಕೂಗುತ್ತಿದ್ದರು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತು ಪೂರ್ತಿ ಕೇಳಿಸಿಕೊಳ್ಳುತ್ತಿದ್ದಳು. ಅವರ ಉಸಿರು ತೀರಿದ ಮೇಲೆ, "ಖರೇ ಐತ್ರಿ ನೀವು ಹೇಳೂದು. ನೀರ ಕುಡೀರಿ, ಆಮ್ಯಾಲ ಉಳದದ್ದು ಬೈರಿ" ಎಂದು ಚೊಂಬು ಚಾಚುತ್ತಿದ್ದಳು. ಕ್ರಮೇಣ ಬ್ಯಾನರುಗಳು ಮನೆಯಲ್ಲೇ ಉಳಿದವು. ಜನ ವರಾಂಡದಲ್ಲಿ ಕೂತು, ತಂದ ಪುಳಿಯೋಗರೆ ಬಿಚ್ಚಿ, ಅವಳ ಜೋಳದ ರೊಟ್ಟಿ ಮುರಿದುಕೊಂಡು ಬಿಲ್ಡರನ್ನು ಬೈಯುವುದು ರೂಢಿಯಾಯಿತು.

ಆ ಗುಂಪಿನಲ್ಲಿ ಭಾನುಪ್ರಕಾಶ್ ಮತ್ತು ಅವರ ಹೆಂಡತಿ ವೇಣಿ ಇದ್ದರು. ಭಾನುಪ್ರಕಾಶ್ ಜಾಲಹಳ್ಳಿಯ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಜನ್ಮವಿಡೀ ಬಿಡಿಭಾಗಗಳನ್ನು ಪರೀಕ್ಷೆ ಮಾಡಿ ನಿವೃತ್ತರಾದವರು. ದನಿ ಎತ್ತರಿಸಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ವೇಣಿ ಆ ಕೊರತೆಯನ್ನು ತುಂಬುತ್ತಿದ್ದರು. ಕ್ವಾರ್ಟರ್ಸ್ ಬಿಟ್ಟು ಬಾಡಿಗೆ ಮನೆಗೆ ಬಂದದ್ದು ಅವರಿಗೆ ಅವಮಾನವಾಗಿತ್ತು. ಮಾಘಮಾಸಕ್ಕೆ ಮನೆ ಕೈಗೆ ಸಿಗುತ್ತದೆಂದು ಕಂಪನಿಯವರು ಹಿಂದೊಮ್ಮೆ ಹೇಳಿದ್ದನ್ನು ನಂಬಿ ಅವರು ತಿಪಟೂರಿನ ನೆಂಟರಿಗೆಲ್ಲ ಗೃಹಪ್ರವೇಶಕ್ಕೆ ಹೇಳಿಬಿಟ್ಟಿದ್ದರು. ಕೆಲಸ ನಿಂತ ಮೇಲಾದರೂ, ಇಲ್ಲ, ಮುಂದಕ್ಕೆ ಹೋಯಿತು ಎನ್ನಬಹುದಿತ್ತು. ಆದರೆ ಹೇಳಬೇಕಾದದ್ದು ಓರಗಿತ್ತಿಗೆ. ವೇಣಿಯವರ ನಾಲಿಗೆ ಹೊರಳಲಿಲ್ಲ.

ಹೀಗೆ ಮಾಘದ ಒಂದು ಬೆಳಗ್ಗೆ ತಿಪಟೂರಿನಿಂದ ಮಿನಿಬಸ್ಸು ಬಂದೇಬಿಟ್ಟಿತು. ಅದರ ಹಿಂದೆಯೇ ಆಟೋದಲ್ಲಿ ಪುರೋಹಿತರು, ಅವರ ಹಿಂದೆ ಹಸು ಹಿಡಿದುಕೊಂಡು ನಾಗಲಕ್ಷ್ಮಮ್ಮ. ಈ ನಾಗಲಕ್ಷ್ಮಮ್ಮ ಅಲ್ಲಿಯ ಮೂಲ ಊರಿನವರು. ಹೊಲವಿದ್ದ ಕಡೆ ಈಗ ಅವರ ಪಿಜಿ ಕಟ್ಟಡಗಳಿದ್ದವು; ಆದರೂ ಒಂದು ಹಸುವನ್ನು ಬಿಟ್ಟಿರಲಿಲ್ಲ. ಸುತ್ತಮುತ್ತ ಯಾವ ಅಪಾರ್ಟ್‌ಮೆಂಟಿನ ಗೃಹಪ್ರವೇಶವಾದರೂ ಒಳಗೆ ಮೊದಲ ಹೆಜ್ಜೆ ಅವರ ಗೌರಿಯದೇ.

ವೇಣಿ ಟವರಿನ ಎದುರು ನಿಂತು ಮೇಲೆ ನೋಡಿದರು. ಅವರ ಫ್ಲಾಟು ಇರಬೇಕಾದ ಕಡೆ ನಾಲ್ಕು ಕಂಬ, ಒಂದು ಹದ್ದು. ಗೋಡೆಯಿಲ್ಲ, ಬಾಗಿಲಿಲ್ಲ, ಮೆಟ್ಟಿಲಿಗೆ ಕಟಕಟೆಯಿಲ್ಲ.

ನಾಗಲಕ್ಷ್ಮಮ್ಮ ಸ್ಪಷ್ಟವಾಗಿ ಹೇಳಿದರು. "ನಮ್ ಗೌರಿ ಅತ್ತಾಕಿಲ್ಲ ಕಣಮ್ಮ. ಓದ್ ವರ್ಸ ಇಂಗೇ ಲಿಫ್ಟಲ್ಲಿ ಕರ್ಕೊಂಡೋದ್ರು. ವಾರ ಮೇವು ಮುಟ್ಲಿಲ್ಲ."

ಬಸ್ಸಿನಿಂದ ಇಳಿಯುತ್ತಿದ್ದ ಓರಗಿತ್ತಿಯ ರೇಷ್ಮೆ ಸೀರೆಯ ಅಂಚು ಕಂಡಿತು. ವೇಣಿಯವರ ಕಣ್ಣಲ್ಲಿ ನೀರು ಬಂತು. ಭಾನುಪ್ರಕಾಶ್ ತಮ್ಮ ಚಪ್ಪಲಿಯನ್ನು ಪರೀಕ್ಷೆ ಮಾಡುತ್ತ ನಿಂತರು. ವರಾಂಡ ಗುಡಿಸುತ್ತಿದ್ದ ಹನುಮವ್ವ ಪೊರಕೆ ಕೆಳಗಿಟ್ಟು ಹತ್ತಿರ ಬಂದಳು.

"ಅಕ್ಕಾರ, ಹಾಲ ಉಕ್ಕಸಾಕ ಏನ ಬೇಕ್ರಿ? ಒಂದು ಬಾಗಲ, ಒಂದು ಹೊಸ್ತಿಲ, ಒಂದು ಒಲಿ. ಈ ಸೈಟಿನಾಗ ಮೂರೂ ಇರೂದು ಇದೊಂದ ಮನಿಗೆ. ಬರ್ರಿ ಒಳಗ."

"ಇದು ನಮ್ಮನೆ ಅಲ್ವಲ್ಲ ಹನುಮವ್ವ."

"ಅದಾದರ ನಿಮ್ಮದೇನ್ರಿ?" ಎಂದು ಹನುಮವ್ವ ಹದ್ದು ಕೂತ ಕಡೆ ಬೆರಳು ಮಾಡಿದಳು.

ಪುರೋಹಿತರಿಗೂ ಅನುಮಾನವಿತ್ತು. ಯಜಮಾನನಿಗೆ ಹಕ್ಕಿಲ್ಲದ ನೆಲದಲ್ಲಿ ಸಂಕಲ್ಪ ಹೇಗೆ ಹೇಳಿಸುವುದು ಎಂದರು. ಆಗ ಭಾನುಪ್ರಕಾಶ್ ಜೀವನದಲ್ಲಿ ಮೊದಲ ಬಾರಿಗೆ ಹೆಂಡತಿಗಿಂತ ಮೊದಲು ಬಾಯಿ ತೆರೆದರು. ಸೈಟಿನ ಒಟ್ಟು ನೆಲದಲ್ಲಿ ಪ್ರತಿ ಫ್ಲಾಟಿನವರಿಗೂ ಅವಿಭಜಿತ ಪಾಲಿದೆ. ಯಾವ ಮೂಲೆ ಯಾರದೆಂದು ಗೆರೆ ಎಳೆದಿಲ್ಲ. ಆದ್ದರಿಂದ ಬಂಗಲೆ ನಿಂತ ನೆಲದಲ್ಲೂ ತಮ್ಮದೊಂದು ತುಣುಕಿದೆ ಎಂದು ಬಿಡಿಸಿ ಹೇಳಿದರು. "ಎಷ್ಟು ಇರಬಹುದು?" ಎಂದರು ಪುರೋಹಿತರು. "ಒಂದು ಮಣೆ ಹಾಕೋ ಅಷ್ಟು." "ಸಾಕು" ಎಂದು ಅವರು ಒಳಗೆ ನಡೆದರು.

ಹನುಮವ್ವ ಬೆಂಕಿಗೂಡಿನ ಪ್ಲೈವುಡ್ ಕಿತ್ತು ಬದಿಗಿಟ್ಟಳು. ಪುರೋಹಿತರು ದಿಕ್ಕು ನೋಡಿ ಬೆರಗಾದರು. ಸರಿಯಾಗಿ ಆಗ್ನೇಯ ಮೂಲೆ. "ದೊರೆಗಳಿಗೂ ವಾಸ್ತು ಗೊತ್ತಿತ್ತು ನೋಡಿ" ಎಂದು ಮೆಚ್ಚಿ, ಅಲ್ಲೇ ಇಟ್ಟಿಗೆ ಇಡಿಸಿ ಬೆಂಕಿ ಹಚ್ಚಿಸಿದರು. ತಲೆಮಾರುಗಳಿಂದ ಹೊಗೆ ಕಾಣದ ಚಿಮಣಿ ಮೊದಲು ಹೊಗೆಯನ್ನೆಲ್ಲ ನಡುಮನೆಗೇ ವಾಪಸ್ ಕಳಿಸಿತು. ನೆಂಟರು ಕೆಮ್ಮಿದರು, ಗೌರಿ ಸೀನಿತು. ಆಮೇಲೆ ಒಳಗೆಲ್ಲೋ ಗುಡುಗಿದಂತಾಗಿ, ಹಳೆಯ ಹಕ್ಕಿಗೂಡುಗಳ ಒಂದು ದೊಡ್ಡ ಕಂತೆ ಮಸಿಯೊಂದಿಗೆ ದೊಪ್ಪೆಂದು ಕೆಳಗೆ ಬಿತ್ತು. ಪುರೋಹಿತರ ಬಿಳಿ ಶಲ್ಯ ಕಪ್ಪಾಯಿತು. ತಗಡಿನ ಶೆಡ್ಡಿನ ಕಡೆಯಿಂದ ಯಮನೂರ ಓಡಿಹೋಗುವುದು ಕಿಟಕಿಯಲ್ಲಿ ಕಾಣಿಸಿತು. ನೆಂಟರ ಪೈಕಿ ಹಿರಿಯ ಸೋದರತ್ತೆಯೊಬ್ಬರು ಅಷ್ಟೇ ಶಾಂತವಾಗಿ, "ಮನೆ ದೃಷ್ಟಿ ಇಳೀತು" ಎಂದರು. ಅಲ್ಲಿಂದ ಮುಂದೆ ಚಿಮಣಿ ಹೊಗೆಯನ್ನು ಸಲೀಸಾಗಿ ಎಳೆಯಿತು. ಹಾಲು ಪೂರ್ವಕ್ಕೆ ಉಕ್ಕಿತು.

ತಿಪಟೂರಿನವರಿಗೆ ಆ ಬಂಗಲೆಯೇ ಫ್ಲಾಟು. ಎತ್ತರದ ಬಾಗಿಲು, ವರಾಂಡ, ತೇಗದ ಹೊಸ್ತಿಲು ನೋಡಿ ಓರಗಿತ್ತಿಯ ಮುಖ ಸಣ್ಣದಾಯಿತು. ವೇಣಿ ಸುಳ್ಳು ಹೇಳಲಿಲ್ಲ, ತಿದ್ದಲೂ ಹೋಗಲಿಲ್ಲ.

"ಇದೇನೇ ವೇಣಿ?" ಎಂದು ಓರಗಿತ್ತಿ ಗಾಜಿನ ಪೆಟ್ಟಿಗೆಯ ಮುಂದೆ ನಿಂತರು.

"ಗೊಂಬೆ ಕೂರಿಸಿದ್ದೀವಿ."

"ಮಾಘದಲ್ಲಾ?"

"ಹನುಮವ್ವಾ, ಕೋಸಂಬರಿ ಬಡಿಸು" ಎಂದರು ವೇಣಿ.

ಸಂಜೆಯೊಳಗೆ ಫೋಟೋಗಳು ಕೊಂಡವರ ವಾಟ್ಸಾಪ್ ಗುಂಪಿಗೆ ಬಂದವು. ಮೊದಲು ರಂಪವಾಯಿತು. ನಾವೆಲ್ಲ ಕಾಯುತ್ತಿರುವಾಗ ಇವರೊಬ್ಬರೇ ಹೇಗೆ ಪ್ರವೇಶ ಮಾಡಿದರು, ಎರಡನೇ ಟವರಿಗೆ ಬೇರೆ ಬಂಗಲೆ ಎಲ್ಲಿದೆ ಎಂದೆಲ್ಲ. ಮಾರನೇ ದಿನ ಯಾರೋ ಮೆಲ್ಲಗೆ, ಮುಂದಿನ ಶುಕ್ರವಾರ ಬಂಗಲೆ ಖಾಲಿಯಿದೆಯೇ ಎಂದು ಕೇಳಿದರು. ಅಷ್ಟೇ. ಎಲ್ಲರ ಮನೆಯಲ್ಲೂ ಒಬ್ಬ ಅತ್ತೆ ಇದ್ದರು, ಎಲ್ಲರ ಊರಲ್ಲೂ ಒಬ್ಬ ಓರಗಿತ್ತಿ ಇದ್ದಳು. ಆ ವರ್ಷ ಒಳ್ಳೆಯ ಮುಹೂರ್ತವೊಂದೂ ವ್ಯರ್ಥವಾಗಲಿಲ್ಲ. ಬಂಗಾಳಿಗಳು ಬಂದು ಶಂಖ ಊದಿದರು. ತೆಲುಗರು ಕುಂಬಳಕಾಯಿ ಒಡೆದರು. ಕೇರಳದ ಕುಟುಂಬವೊಂದು ಪಾದ್ರಿಗಳನ್ನು ಕರೆಸಿ ಪ್ರಾರ್ಥನೆ ಮಾಡಿಸಿತು. ಪಾದ್ರಿಗಳು ಮೇಣದಬತ್ತಿ ಹಚ್ಚಿದ ಮೇಲೆ ಹನುಮವ್ವ, ಇರಲಿ ಎಂದು, ಹಾಲನ್ನೂ ಉಕ್ಕಿಸಿದಳು. ಗೌರಿಗೆ ದಾರಿ ಎಷ್ಟು ಅಭ್ಯಾಸವಾಯಿತೆಂದರೆ ಶುಕ್ರವಾರ ಹಗ್ಗ ಬಿಚ್ಚಿದರೆ ತಾನೇ ಬಂದು ಹೊಸ್ತಿಲ ಮುಂದೆ ನಿಲ್ಲುತ್ತಿತ್ತು. ಕರೆದವರಿಲ್ಲದಿದ್ದರೆ ಬೇಸರದಿಂದ ವಾಪಸ್ ಹೋಗುತ್ತಿತ್ತು.

ಹನುಮವ್ವ ಎಲ್ಲಕ್ಕೂ ಯಜಮಾನಿ. ಹೊಸ್ತಿಲಿಗೆ ಅರಿಸಿನ ಬಳಿಯುವುದು, ಮಾವಿನ ತೋರಣ, ನೆಂಟರನ್ನು ಟವರಿನ ಕಡೆ ನೋಡದಂತೆ ಬಾಗಿಲ ಕಡೆ ತಿರುಗಿಸುವುದು, ಎಲ್ಲ ಅವಳದೇ. "ಇಷ್ಟು ಜನಕ್ಕೆ ಉಕ್ಸಿದ್ದೀರ, ನಿಮ್ಮದೂ ಒಂದಿನ ಉಕ್ಸಿ ಹನುಮವ್ವ" ಎಂದು ವೇಣಿ ಒಮ್ಮೆ ಹೇಳಿದರು. "ನಾ ದಿನಾ ಉಕ್ಕಸ್ತೀನ್ರಿ, ಚಾಕ್ಕ" ಎಂದಳು.

ಇದರ ನಡುವೆ ಬಂಗಲೆಗೆ ಬಣ್ಣ ಬಂತು. ನೆಂಟರು ನೋಡುವ ಮನೆಯಲ್ಲವೇ? ಒಬ್ಬರು ಒಡೆದ ಹೆಂಚು ಬದಲಾಯಿಸಿದರು, ಒಬ್ಬರು ವರಾಂಡದ ಜಾಲರಿ ಸರಿಮಾಡಿಸಿದರು, ಇನ್ನೊಬ್ಬರು ಬಾಗಿಲಿಗೆ ಎಣ್ಣೆ ಕೊಡಿಸಿದರು. ಹೋಮದ ಹೊಗೆಗೆ ಬಿಳಿಯ ಫಾಲ್ಸ್ ಸೀಲಿಂಗ್ ಇದ್ದಿಲಿನಂತಾಗಿ ಒಂದು ದಿನ ತಾನಾಗಿ ಜೋತುಬಿತ್ತು. ಕಿತ್ತೆಸೆದು ನೋಡಿದರೆ ಮೇಲೆ ಎದೆಯಗಲದ ತೇಗದ ತೊಲೆಗಳು.

ಹಳೇ ಕಟ್ಟಡಗಳ ಅಧ್ಯಯನ ಮಾಡುತ್ತಿದ್ದ ದೀಪಶ್ರೀ ಎಂಬ ಆರ್ಕಿಟೆಕ್ಟ್ ಹುಡುಗಿ ಬಂದದ್ದು ಆಗ. ಅವಳು ತೊಲೆಗಳನ್ನು ನೋಡುತ್ತ ಕತ್ತು ಹಿಂದಕ್ಕೆ ಬಾಗಿಸಿ ಎಷ್ಟು ಹೊತ್ತು ನಿಂತಳೆಂದರೆ, ಹನುಮವ್ವ ಕತ್ತು ಹಿಡಿದುಕೊಂಡಿದೆಯೆಂದು ತಿಳಿದು ಎಣ್ಣೆ ಬಿಸಿ ಮಾಡಲು ಹೋದಳು. ಆ ಹುಡುಗಿ ಟೇಪು ಹಿಡಿದು ಮನೆಯ ಮೂಲೆಮೂಲೆಯ ಚಿತ್ರ ಬರೆದಳು. ಇಂಥ ಮನೆಗಳು ಈ ಕಡೆ ಬೆರಳೆಣಿಕೆಯಷ್ಟೇ ಉಳಿದಿವೆ, ಇದನ್ನು ಉಳಿಸಬೇಕು ಎಂದು ಮನವಿಗಳನ್ನು ಹಾಕಿದಳು. ಯಾವ ಕಚೇರಿಗೆ ಹೋದರೂ, ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿ ಇದರ ಹೆಸರಿಲ್ಲ ಎಂದರು.

ಅಷ್ಟರಲ್ಲಿ ಕೋರ್ಟಿನ ಗಂಟು ಬಿಚ್ಚಿತು. ಬೇರೆ ಕಂಪನಿಯೊಂದು ಟವರನ್ನೂ ನೆಲವನ್ನೂ ಒಟ್ಟಿಗೆ ಕೊಂಡಿತು. ಹರ್ಷವರ್ಧನ್ ಎಂಬ ಹೊಸ ಮ್ಯಾನೇಜರು ಬಂದರು. ಧೂಳಿನ ಸೈಟಿಗೆ ಬಿಳಿ ಬೂಟು ಹಾಕಿಕೊಂಡು ಬರುವ ಧೈರ್ಯಸ್ಥ. ಕೊಂಡವರನ್ನೆಲ್ಲ ಸೇರಿಸಿ, ಒಂದೂವರೆ ವರ್ಷದಲ್ಲಿ ಎಲ್ಲರಿಗೂ ಮನೆ ಎಂದರು. ಜನ ಚಪ್ಪಾಳೆ ತಟ್ಟಿದರು, ಕೆಲವರು ಅತ್ತರು. ಮೊದಲ ಕೆಲಸವಾಗಿ ಬಂಗಲೆ ಕೆಡವಿ ಈಜುಕೊಳ ತೋಡುತ್ತೇವೆ ಎಂದಾಗಲೂ ಅದೇ ಭರದಲ್ಲಿ ಚಪ್ಪಾಳೆ ಬಿತ್ತು. ದೀಪಶ್ರೀ ಎದ್ದು ನಿಂತು ಇತಿಹಾಸ, ಪರಂಪರೆ ಎಂದಳು. ಜನ ಅವಳನ್ನು ಪ್ರೀತಿಯಿಂದ ನೋಡಿದರು, ಕೇಳಿಸಿಕೊಳ್ಳಲಿಲ್ಲ. ವರ್ಷಗಟ್ಟಲೆ ಬಾಡಿಗೆಯೂ ಕಂತೂ ಎರಡನ್ನೂ ಕಟ್ಟಿದವರಿಗೆ ರೈಲ್ವೆ ಗಾರ್ಡಿನ ಮನೆಗಿಂತ ತಮ್ಮ ಮನೆ ದೊಡ್ಡದು. ತಪ್ಪೇನೂ ಅಲ್ಲ.

ಹರ್ಷವರ್ಧನ್ ಹನುಮವ್ವನಿಗೆ ಮರ್ಯಾದೆಯಿಂದಲೇ ಹೇಳಿದರು. "ಅಮ್ಮ, ಬುಧವಾರ ಜೆಸಿಬಿ ಬರುತ್ತೆ. ಅಷ್ಟರಲ್ಲಿ ನಿಮ್ಮ ಸಾಮಾನು ಶೆಡ್‌ಗೆ ಶಿಫ್ಟ್ ಮಾಡ್ಕೊಳ್ಳಿ."

ಸಾಮಾನೆಂದರೆ ಒಂದು ಟ್ರಂಕು, ಒಂದು ಕೌದಿ, ರೊಟ್ಟಿ ತಟ್ಟುವ ಕಲ್ಲು. ಯಮನೂರ ಒಂದೇ ಸಲಕ್ಕೆ ಎತ್ತಿಕೊಂಡು ಹೋದ. ಕಡೆಗೂ ಹೆಂಡತಿ ದೊರೆಸಾನಿಯ ಕೈಯಿಂದ ತಪ್ಪಿಸಿಕೊಂಡಳೆಂದು ಅವನಿಗೆ ನೆಮ್ಮದಿ. ಹನುಮವ್ವನಿಗೆ ಮಾತ್ರ ಎರಡು ದಿನ ಅನ್ನ ಇಳಿಯಲಿಲ್ಲ. ಕಟ್ಟುವುದು ಅವಳಿಗೆ ಗೊತ್ತಿತ್ತು, ಬಿಟ್ಟು ಹೋಗುವುದು ಗೊತ್ತಿತ್ತು. ಸರಿಯಾಗಿರುವ ಮನೆಯನ್ನು ಮುರಿಯುವುದು ಅವಳ ಬುದ್ಧಿಗೆ ನಿಲುಕಲಿಲ್ಲ.

ಭಾನುವಾರ ವೇಣಿ ಬಂದಿದ್ದರು. ಅಡುಗೆಮನೆಗೆ ಯಾವ ಬಣ್ಣದ ಟೈಲ್ಸ್ ಹಾಕಿಸಲಿ ಎಂಬ ಉತ್ಸಾಹದಲ್ಲಿದ್ದರು. ಹನುಮವ್ವ ಪಕ್ಕದಲ್ಲಿ ಕೂತು ಕೇಳಿಸಿಕೊಂಡಳು. ಹಸಿರು ಚಂದ ಎಂದಳು. ಆಮೇಲೆ ಸೊಪ್ಪು ಸೋಸುತ್ತ, ಏನೋ ನೆನಪಾದವಳಂತೆ ಕೇಳಿದಳು.

"ಅಲ್ರಿ ಅಕ್ಕಾರ, ಹಾಲ ಉಕ್ಕಿಸಿದ ಒಲಿ ಕಿತ್ತ ಒಗದರ ಏನೂ ಆಗಂಗಿಲ್ಲ, ಹೌದಲ್ರಿ?"

ವೇಣಿ ತಿರುಗಿ ಬೆಂಕಿಗೂಡಿನ ಕಡೆ ನೋಡಿದರು.

"ನಮ್ಮ ಕಡೆ ಹಂಗ ಮಾಡಂಗಿಲ್ರಿ. ಬೆಂಗಳೂರಾಗ ನಡೀತೈತೇನೋ" ಎಂದು ಹನುಮವ್ವ ಸೊಪ್ಪು ಕೊಡವಿಕೊಂಡು ಎದ್ದುಹೋದಳು.

ವೇಣಿ ಜಾಲಹಳ್ಳಿ ತಲುಪುವಷ್ಟರಲ್ಲಿ ಮೆಟ್ರೋದಲ್ಲೇ ಪುರೋಹಿತರಿಗೆ ಫೋನು ಹೋಗಿತ್ತು. ಪುರೋಹಿತರು ಖಚಿತವಾಗಿ ಏನನ್ನೂ ಹೇಳಲಿಲ್ಲ. "ಶಾಸ್ತ್ರದಲ್ಲಿ ಅಂಥ ಸಂದರ್ಭವೇ ಬರುವುದಿಲ್ಲ, ಯಾಕೆಂದರೆ ಯಾರೂ ಅಂಥ ಕೆಲಸ ಮಾಡುವುದಿಲ್ಲ" ಎಂದರು. ಇದಕ್ಕಿಂತ ಕೆಟ್ಟ ಉತ್ತರವಿಲ್ಲ. ವೇಣಿ ಅದನ್ನು ವಾಟ್ಸಾಪ್ ಗುಂಪಿಗೆ ಹಾಕಿದರು. ಯಾರದೋ ಮಗುವಿಗೆ ಜ್ವರ ಬಂದಿತ್ತು, ಯಾರಿಗೋ ಆಫೀಸಿನಲ್ಲಿ ಬಡ್ತಿ ತಪ್ಪಿತ್ತು. ಕೆಡವುವ ಮಾತಿಗೇ ಇಷ್ಟಾದರೆ ಕೆಡವಿದರೆ ಗತಿಯೇನು ಎಂದು ಲೆಕ್ಕ ಹಾಕಿದರು. ಪರಂಪರೆಗೆ ಚಪ್ಪಾಳೆ ತಟ್ಟದ ಜನ ರಾಹುವಿಗೆ ಎದ್ದು ಕೂತರು.

ಬುಧವಾರ ಜೆಸಿಬಿ ಬಂತು. ನಡೆಸುತ್ತಿದ್ದವನು ಮುತ್ತು ಎಂಬ ರಾಯಚೂರಿನ ಕಡೆಯ ಯುವಕ. ಎಲ್ಲಿಂದ ಶುರುಮಾಡಬೇಕೆಂದು ನೋಡಲು ಇಳಿದು ಬಾಗಿಲ ತನಕ ಹೋದ. ಹೊಸ್ತಿಲ ಮೇಲೆ ವರ್ಷದ ಅರಿಸಿನ ಕುಂಕುಮ ಪದರಪದರವಾಗಿ ಗಟ್ಟಿಯಾಗಿತ್ತು. ಬಾಗಿಲ ಮೇಲೆ ಒಣಗಿದ ತೋರಣಗಳು ಜಡೆಯಂತೆ ತೂಗುತ್ತಿದ್ದವು. ಮುಂದೆ ಒಂದು ಹಸು ನಿಂತಿತ್ತು. ನಾಗಲಕ್ಷ್ಮಮ್ಮ ಅದನ್ನು ಅಂದು ಕಟ್ಟಿರಲಿಲ್ಲವೋ, ಅಥವಾ ಬೇಕೆಂದೇ ಬಿಟ್ಟಿದ್ದರೋ, ಕೇಳಿದರೆ "ಅಸಾ ಎಲ್ಲೋಯ್ತದೆ ಅಂತ ನಾನ್ ನೋಡ್ತಾ ಕೂರಾಕಾಯ್ತದಾ" ಎಂದರು. ಮುತ್ತು ಚಪ್ಪಲಿ ಬಿಟ್ಟು, ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡು ಹಿಂದೆ ಬಂದ.

"ಗುಡಿ ಅಂತ ಮೊದಲ ಯಾಕ ಹೇಳ್ಲಿಲ್ರಿ ಸಾರ್?"

"ಗುಡಿ ಅಲ್ಲ ಮಾರಾಯ, ಸೇಲ್ಸ್ ಆಫೀಸ್" ಎಂದರು ಹರ್ಷವರ್ಧನ್.

"ಸೇಲ್ಸ್ ಆಫೀಸಿಗೆ ಯಾರರ ಇಷ್ಟು ಅರಿಸಿನ ಹಚ್ತಾರೇನ್ರಿ?" ಎಂದು ಮುತ್ತು ಗಾಡಿಯ ಬೀಗದ ಕೈ ಜೇಬಿಗಿಟ್ಟ. ಹನುಮವ್ವ ಅವನಿಗೆ ಚಹಾ ತಂದುಕೊಟ್ಟಳು.

ಅಷ್ಟರಲ್ಲಿ ಕೊಂಡವರೂ ಬಂದು ಸೇರಿದರು, ಜೊತೆಗೆ ಅತ್ತೆಯಂದಿರೂ. ಬಂಗಲೆಯ ನಡುಮನೆಯಲ್ಲೇ ಸಭೆಯಾಯಿತು. ಹರ್ಷವರ್ಧನ್ ತಾಳ್ಮೆಗೆಡಲಿಲ್ಲ. ನಿಮ್ಮ ಸೆಂಟಿಮೆಂಟ್ ಅರ್ಥವಾಗುತ್ತದೆ, ಆ ಹೊಸ್ತಿಲನ್ನು ಜೋಪಾನವಾಗಿ ಕಿತ್ತು ಹೊಸ ಜಿಮ್ಮಿನ ಬಾಗಿಲಿಗೆ ಕೂರಿಸೋಣ ಎಂದರು. ಬೆವರು ಕಾಲಲ್ಲಿ ಹೊಸ್ತಿಲು ತುಳಿಯುವುದೇ ಎಂದು ಅತ್ತೆಯಂದಿರ ಸಾಲಿನಿಂದ ಮಾತು ಬಂತು. ಈಜುಕೊಳ ಬೇಡವೇ ಹಾಗಾದರೆ, ಬ್ರೋಷರಿನಲ್ಲಿತ್ತಲ್ಲ ಎಂದರು ಹರ್ಷವರ್ಧನ್. ಆಗ ಭಾನುಪ್ರಕಾಶ್ ಎದ್ದು, ಅದೇ ಮೆಲುದನಿಯಲ್ಲಿ, "ಇಲ್ಲಿ ಈಜು ಬರೋವ್ರು ಕೈ ಎತ್ತಿ" ಎಂದರು. ನಾಲ್ಕಾರು ಕೈ ಎದ್ದವು. ಅದರಲ್ಲೊಂದು ದೀಪಶ್ರೀಯದು, ಅವಳು ನಾಚಿಕೊಂಡು ಕೆಳಗಿಳಿಸಿದಳು.

ಬಂಗಲೆ ಉಳಿಯಿತು. ಕಂಪನಿ ಅದನ್ನು ಕ್ಲಬ್‌ಹೌಸ್ ಮಾಡಿತು. ಹೊಸ ಬ್ರೋಷರಿನ ಮುಖಪುಟದಲ್ಲಿ ದೀಪಶ್ರೀ ಬರೆದ ಬಂಗಲೆಯ ಚಿತ್ರವನ್ನು ಅಚ್ಚು ಹಾಕಿ, ಶತಮಾನದ ಪರಂಪರೆಯ ನಡುವೆ ನಿಮ್ಮ ಮನೆ ಎಂದು ಬರೆಸಿದರು. ಪಾರಂಪರಿಕ ಕಟ್ಟಡ ಉಳಿಸಿದ್ದಕ್ಕೆ ಹರ್ಷವರ್ಧನ್ ಎಲ್ಲೋ ವೇದಿಕೆ ಹತ್ತಿ ಶಾಲು ಹೊದೆಸಿಕೊಂಡು ಬಂದರೆಂದೂ ಸುದ್ದಿ ಬಂತು. ದೀಪಶ್ರೀ ಮೊದಲು ಸಿಟ್ಟಾದಳು. ಆಮೇಲೆ, ಮನೆ ನಿಂತಿದೆಯಲ್ಲ, ಸಾಕು ಎಂದು ವೀರನಹಳ್ಳಿಯೋ ಎಲ್ಲಿಯೋ ಇನ್ನೊಂದು ಹಳೇ ಮನೆಯ ತೊಲೆ ನೋಡಲು ಹೋದಳು.

ಒಂದೂವರೆ ವರ್ಷವೆಂದದ್ದು ಎರಡೂವರೆಯಾಗಿ ಟವರುಗಳು ಮುಗಿದವು. ಹನುಮವ್ವನನ್ನು ಹೌಸ್‌ಕೀಪಿಂಗಿಗೆ ಸೇರಿಸಿಕೊಂಡು, ಸೀರೆಯ ಮೇಲೆ ತೊಡಲು ನೀಲಿ ಕೋಟೊಂದು ಕೊಟ್ಟರು. ವಾಸಕ್ಕೆ ನೆಲಮಾಳಿಗೆಯಲ್ಲಿ ಪಂಪಿನ ಪಕ್ಕ ಕೋಣೆ. ಪಂಪಿನ ಗುಂಯ್ ಸದ್ದು ಯಮನೂರನಿಗೆ ಹಿಡಿಸಿತು. ಇಂಥ ಗದ್ದಲದಲ್ಲಿ ಯಾವ ದೊರೆಸಾನಿಯೂ ಇರಲಾರಳು ಎಂದ. ವೇಣಿ ಎಂಟನೇ ಮಹಡಿಗೆ ಬಂದ ದಿನ ಹನುಮವ್ವನನ್ನು ಲಿಫ್ಟಿನಲ್ಲಿ ಕರೆದುಕೊಂಡು ಹೋಗಿ ಹಸಿರು ಟೈಲ್ಸ್ ತೋರಿಸಿದರು. ಆದರೆ ಹೋಮಕ್ಕೆ ಬೆಂಕಿ ಹಚ್ಚಿದೊಡನೆ ಛಾವಣಿಯ ಹೊಗೆ ಯಂತ್ರ ಕಿರುಚಿ, ಸೆಕ್ಯುರಿಟಿಯವರು ಓಡಿಬಂದು, ಎಲ್ಲರೂ ಮಣೆ ಎತ್ತಿಕೊಂಡು ಮತ್ತೆ ಬಂಗಲೆಗೇ ಇಳಿಯಬೇಕಾಯಿತು.

ಈಗ ಅಲ್ಲಿ ನಿವಾಸಿಗಳ ಸಂಘವಿದೆ. ಭಾನುಪ್ರಕಾಶ್ ಅದರ ಕಾರ್ಯದರ್ಶಿ. ಹೊಸದಾಗಿ ಫ್ಲಾಟು ಕೊಂಡು ಬಂದ ಕೆಲವರ ಒತ್ತಾಯಕ್ಕೆ ಇತ್ತೀಚೆಗೆ ಬಂಗಲೆಯ ಗೋಡೆಗೆ ಒಂದು ಫಲಕ ಬಿತ್ತು: ಸಿಬ್ಬಂದಿ ಕ್ಲಬ್‌ಹೌಸಿನ ವರಾಂಡದಲ್ಲಿ ಕೂರುವಂತಿಲ್ಲ. ಮಧ್ಯಾಹ್ನದ ಕೆಲಸ ಮುಗಿಸಿ ಬಂದ ಹನುಮವ್ವ ಅದನ್ನು ಅಕ್ಷರ ಕೂಡಿಸಿ ಓದಿದಳು. ಆ ದಾರಿಯಲ್ಲಿ ಬಂದ ಭಾನುಪ್ರಕಾಶ್ ಅವಳನ್ನು ಕಂಡು, ತಿರುಗಿ ಹೋಗಲೆಂದು ನೋಡಿದರು. ತಡವಾಗಿತ್ತು.

"ಸಾರ್, ಸಿಬ್ಬಂದಿ ಅಂದರ ಯಾರ್ರಿ?"

ಭಾನುಪ್ರಕಾಶ್ ಕನ್ನಡಕ ತೆಗೆದು ಒರೆಸಿದರು. ಫಲಕ ನೋಡಿದರು, ನೆಲ ನೋಡಿದರು.

"ಅದು... ಬೇರೆಯವ್ರು ಹನುಮವ್ವ."

"ಹಂಗಾರ ಚಲೋ ಆತ್ರಿ. ಯಾರ್‌ಯಾರೋ ಬಂದು ಕುಂತು ಹೊಲಸು ಮಾಡ್ತಿದ್ರು" ಎಂದು ಅವಳು ಕೋಟು ಬಿಚ್ಚಿ ಮಡಿಸಿ ತಲೆದಿಂಬು ಮಾಡಿಕೊಂಡು, ವರಾಂಡದ ತಣ್ಣೆಳಲಲ್ಲಿ ಕಾಲು ಚಾಚಿದಳು. ಭಾನುಪ್ರಕಾಶ್ ಚಪ್ಪಲಿಯ ಸದ್ದಾಗದಂತೆ ಪಕ್ಕದಿಂದ ಹಾದುಹೋದರು.